ಹಲಸಿನ ಮಣೆಯ ಬಟ್ಟಲು

ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಎಲ್ಲರೂ ಯೋಗದ ಕ್ಲಾಸಿಗೆ ಸೇರಿಕೋ ಎಂದರು. ನಾನು ಹಟ ಹಿಡಿದು ಮರ ಕಡೆಯುವ ಲೇತ್ ತಂದೆ. ಜೆ.ಪಿ. ನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಅದನ್ನು ಕೂರಿಸಿದಂದಿನಿಂದ ನನ್ನ ಗಂಡ ಆ ಕಡೆ ತಲೆ ಹಾಕಿಲ್ಲ. ನಿಜ ಹೇಳಬೇಕೆಂದರೆ ನನಗೂ ಅದನ್ನು ಕಂಡರೆ ಭಯವೇ. ಮರ ತಿರುಗಲು ಶುರುವಾಯಿತೆಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತೇನೆ. ಆದರೂ ಬಿಡಲಾರೆ, ನನ್ನ ಬುದ್ಧಿಯೇ ಅಷ್ಟು.

ಕತ್ರಿಗುಪ್ಪೆಯಲ್ಲಿರುವ ಅಕ್ಕ ಒಂದು ದಿನ ಅಮ್ಮನ ಹಲಸಿನ ಮಣೆಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ತಂದಳು. ಅಮ್ಮ ತೀರಿಕೊಂಡು ಬಹಳ ಕಾಲವಾಗಿದೆ. ನಮ್ಮಿಬ್ಬರ ಎಣ್ಣೆಶಾಸ್ತ್ರ, ಸೀಮಂತದ ಆರತಿ ಎಲ್ಲ ಆ ಮಣೆಯ ಮೇಲೆಯೇ ಆಗಿತ್ತು. ಈಗ ನಡುವೆ ಸೀಳು ಬಿಟ್ಟಿತ್ತು.

"ಕೂರೋಕಂತೂ ಆಗಲ್ಲ. ನನ್ನ ಅರವತ್ತಕ್ಕೆ ಇದ್ರಲ್ಲಿ ಏನಾದ್ರೂ ಮಾಡ್ಕೊಡು," ಎಂದಳು. ಗೇಟಿನ ಹತ್ತಿರ ಹೋದವಳು ತಿರುಗಿ, "ಹಾಳು ಮಾಡ್ಬಿಡ್ಬೇಡ ಕಣೇ. ಅಮ್ಮಂದು ಅಂತ ನನ್ನ ಹತ್ರ ಇರೋದು ಅದೊಂದೇ," ಎಂದಳು. ಆ ಒಂದು ಮಾತು ನನ್ನ ನಿದ್ದೆ ಕೆಡಿಸಿತು.

ಕೊನೆಗೆ ಬಟ್ಟಲು ಮಾಡೋಣವೆಂದುಕೊಂಡೆ. ಮಣೆ ಬಟ್ಟಲಾಗಬೇಕಾದರೆ ಅದನ್ನು ಸಣ್ಣ ಚೂರು ಮಾಡಬೇಕು. ಚೂರುಗಳನ್ನು ಬಳೆಯಂತೆ ಸುತ್ತಲೂ ಅಂಟಿಸಿ, ಬಳೆಯ ಮೇಲೆ ಬಳೆ ಕೂರಿಸಿ, ಆಮೇಲೆ ಲೇತಿನಲ್ಲಿ ತಿರುಗಿಸುತ್ತ ಉಳಿಯಿಂದ ಕೆತ್ತಬೇಕು. ಒಂದು ಅಂಟು ಬಿಟ್ಟರೂ ಚೂರು ಕವಣೆ ಕಲ್ಲಿನ ಹಾಗೆ ಹಾರಿಬರುತ್ತದೆ. ಮಣೆಗೆ ಗರಗಸ ಇಟ್ಟು ಎರಡು ಸಲ ತೆಗೆದು, ಮೂರನೆಯ ಸಲ ಕೊಯ್ದೆ. ಕತ್ತರಿಸಿದ್ದನ್ನು ಮತ್ತೆ ಮಣೆ ಮಾಡಲು ಯಾರಪ್ಪನಿಂದಲೂ ಆಗದು.

ಬಟ್ಟಲು ಆಕಾರಕ್ಕೆ ಬರುತ್ತಿದ್ದ ಬೆಳಿಗ್ಗೆ ಅಕ್ಕ ಹೇಳದೆ ಕೇಳದೆ ಬಂದಳು. ಲೇತಿನ ಸದ್ದಿನಲ್ಲಿ ನನಗೆ ಗೊತ್ತಾಗಲಿಲ್ಲ. ಬಟ್ಟಲಿನ ಒಂದು ಅಂಟು ಟಿಕ್ ಎಂದಿತು. ತಲೆಯೆತ್ತಿದರೆ ಅವಳು ಬಟ್ಟಲಿನ ನೇರಕ್ಕೇ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಾಳೆ.

"ಪಕ್ಕಕ್ಕೆ ಹೋಗೇ!" ಎಂದು ಕಿರುಚಿದೆ. ಅಕ್ಕನಿಗೆ ಎಂದೂ 'ಹೋಗೇ' ಎಂದವಳಲ್ಲ ನಾನು. ಆ ಮಾತಿಗೇ ಬೆಚ್ಚಿ ಸರಿದಳು. ಚೂರು ಅವಳ ಕಿವಿಯ ಪಕ್ಕದಲ್ಲೇ ಹಾದು ಗೋಡೆಗೆ ಬಡಿಯಿತು.

ಸ್ವಿಚ್ಚು ಆರಿಸಿ ಸ್ಟೂಲಿನ ಮೇಲೆ ಕುಸಿದೆ. ಅಕ್ಕ ಮಾತ್ರ ಶೆಡ್ಡಿನ ಮೂಲೆಯಲ್ಲಿದ್ದ ಸ್ಕೂಟರಿನ ಕೆಳಗೆ ಮಂಡಿಯೂರಿ ಚೂರು ಹುಡುಕುತ್ತಿದ್ದಳು.

"ಅಕ್ಕ, ನಿನ್ನ ಕಣ್ಣೇ ಹೋಗ್ತಿತ್ತು!"

"ತಡಿ, ಸಿಕ್ತು," ಎಂದಳು. ಎದ್ದು ಬಂದು ಚೂರನ್ನು ಮೂಗಿಗೆ ಹಿಡಿದಳು. "ಹರಳೆಣ್ಣೆ ಕಣೇ. ಹಬ್ಬ ಬಂದ್ರೆ ತನ್ನ ತಲೆಗೆ ಹಚ್ಕೊಂಡು ಮಿಕ್ಕಿದ್ದನ್ನ ಅಮ್ಮ ಮಣೆಗೆ ತಿಕ್ತಿದ್ಲಲ್ಲ. ಅಮ್ಮನ ತಲೆ ವಾಸನೆ ಇದು."

ಧೂಳಿಗೆ ಹೆದರಿ ಮಾಸ್ಕ್ ಹಾಕಿಕೊಂಡಿದ್ದ ನನಗೆ ಆ ವಾಸನೆ ತಿಳಿದೇ ಇರಲಿಲ್ಲ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲ. ಅಂದರೆ ಬಟ್ಟಲಿನ ಒಂದೊಂದು ಅಂಟೂ ಹೀಗೇ ಬಿಡಲು ಕಾದಿದೆ. ಇನ್ನು ಇದನ್ನು ತಿರುಗಿಸುವುದಿಲ್ಲ ಎಂದುಬಿಟ್ಟೆ. ಅಕ್ಕ ಚೂರನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

ಮಾರನೆಯ ದಿನ ಫೋನ್ ಬಂತು. "ವಾಸನೆ ಹೋಗ್ಬಿಟ್ಟಿದೆ ಕಣೇ," ಎಂದಳು. ಸಣ್ಣ ಹುಡುಗಿಯ ದನಿ. "ಒಂದೇ ಒಂದ್ಸಲ, ಇನ್ನೊಂಚೂರು ಕೆತ್ತಿ ಕೊಡ್ತೀಯಾ?"

ಫೋನ್ ಹಿಡಿದೇ ಶೆಡ್ಡಿಗೆ ಹೋದೆ. ಹಲ್ಲು ಬಿದ್ದ ಬಟ್ಟಲು ಲೇತಿನಲ್ಲೇ ಇತ್ತು. ಕೆತ್ತಿದಾಗ ಮಾತ್ರ ಬರುವ ವಾಸನೆ ಅದು, ಕೆತ್ತುತ್ತ ಹೋದರೆ ಒಂದು ದಿನ ಮರವೂ ಇರುವುದಿಲ್ಲ. ಅದನ್ನು ಅವಳಿಗೆ ಹೇಳುವುದಕ್ಕೆ ಲೇತಿಗಿಂತ ಹೆಚ್ಚು ಹೆದರಿಕೆಯಾಯಿತು.

"ಹೂಂ, ಬಾ," ಎಂದೆ.