ರಟ್ಟಿನ ಹಿಂದಿನ ಎಲೆಗಳು

ಸವಿತಕ್ಕ, ನನಗೆ ಮುಖ ಓದಲು ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ. ಮೋಹನ್ ಅವರ ಮಾತಿನಲ್ಲಿ ಸುಳ್ಳಿಲ್ಲ ಎಂದು ನಾನು ನಿಮಗೆ ಹೇಳಿದಾಗ ನನಗೆ ಏನೂ — ಏನೆಂದರೆ ಏನೂ — ಗೊತ್ತಿರಲಿಲ್ಲ.

ಕೊಲ್ಲಿ ನಾಡಿಗೆ ದುಡಿಯಲು ಬಂದ ನಾವು ಸೇರುತ್ತಿದ್ದ, ಅಬು ಹಲೀಫಾದ ನಮ್ಮಕ್ಕನ ಮನೆಯ ಶುಕ್ರವಾರಗಳು ನಿಮಗೆ ನೆನಪಿರುತ್ತವೆ. ನೀವು ಅಕ್ಕನ ಆಸ್ಪತ್ರೆಯಲ್ಲೇ ನರ್ಸ್. ರಜೆಯ ಊಟಕ್ಕೆ ತಪ್ಪದೆ ಬರುತ್ತಿದ್ದಿರಿ. ನಾನು ಸಂಖ್ಯಾಶಾಸ್ತ್ರ ಓದಿ ಮುಗಿಸಿ, ರಾಯ್ ಪ್ರದೇಶದ ಒಂದು ಶೋರೂಮಿನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಊಟವಾದ ಮೇಲೆ ಭಾವ ಟಿವಿಯಲ್ಲಿ ಪೋಕರ್ ಪಂದ್ಯಾವಳಿ ಹಾಕುತ್ತಿದ್ದರು. ಎಲ್ಲೋ ದೂರದ ಊರಿನಲ್ಲಿ, ಕಪ್ಪು ಕನ್ನಡಕದ ಗಂಡಸರು ಒಂದು ಮನೆಯ ಬೆಲೆಯನ್ನೇ ಮೇಜಿನ ಮಧ್ಯಕ್ಕೆ ತಳ್ಳಿ, ಕಲ್ಲಿನಂತೆ ಕೂರುವ ಇಸ್ಪೀಟಾಟ. ಯಾರ ಕೈಯಲ್ಲಿ ಯಾವ ಎಲೆ ಇದೆ ಎಂಬುದು ನೋಡುವವರಿಗಷ್ಟೇ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ಆ ಮೂಲೆಗೆ ಭಾವ ಖರ್ಜೂರದ ಪೆಟ್ಟಿಗೆಯ ರಟ್ಟು ಅಂಟಿಸಿ, ಟಿವಿಯ ಧ್ವನಿ ನಿಲ್ಲಿಸುತ್ತಿದ್ದರು. ಬರೀ ಮುಖ ನೋಡಿ ನಾವು ಹೇಳಬೇಕು — ಇವನ ಹತ್ತಿರ ನಿಜವಾಗಿ ಒಳ್ಳೆಯ ಎಲೆ ಇದೆಯೋ, ಸುಮ್ಮನೆ ಹೆದರಿಸುತ್ತಿದ್ದಾನೋ? ಆಮೇಲೆ ರಟ್ಟು ಎತ್ತಿ ನೋಡುವುದು. ಸೋತವರು ಪಾತ್ರೆ ತೊಳೆಯುವುದು.

ನಾನು ಸೋಲುತ್ತಿರಲಿಲ್ಲ.

“ಏನ್ ಕಣ್ಣಮ್ಮಾ ನಿಂದು! ನಿನ್ನ ಕಟ್ಕೊಳ್ಳೋನ ಕಥೆ ಖಲಾಸ್,” ಎಂದು ಭಾವ ನಗುತ್ತಿದ್ದರು. “ಯಲ್ಲಾ ಸವಿತಾ, ಇವತ್ತೂ ಸಿಂಕ್ ನಿಮ್ದೇ.”

ಆ ಕಂತು ಗುರುವಾರವೇ ಇಂಟರ್ನೆಟ್ಟಿನಲ್ಲಿ ಬಂದಿರುತ್ತಿತ್ತು. ಕೆಲಸದಿಂದ ಮರಳುವಾಗ ಬಸ್ಸಿನಲ್ಲಿ ಕೂತು ನಾನು ಅದನ್ನು ಮೊಬೈಲಿನಲ್ಲಿ ಪೂರ್ತಿ ನೋಡಿರುತ್ತಿದ್ದೆ — ರಟ್ಟಿಲ್ಲದೆ. ಮೊದಲ ಸಲ ನೋಡಿದ್ದು ಬೇಸರ ಕಳೆಯಲು. ಮರುದಿನ ಅದೇ ಆಟ ಟಿವಿಯಲ್ಲಿ ಶುರುವಾದಾಗ, ನೋಡಿದ್ದೇನೆ ಎನ್ನಬೇಕಿತ್ತು. ಎನ್ನಲಿಲ್ಲ. ನನ್ನ ಉತ್ತರ ಸರಿಯಾಯಿತು, ಎಲ್ಲರೂ ನನ್ನತ್ತ ತಿರುಗಿದರು. ಮಾತು ಕಡಿಮೆಯ ನನ್ನನ್ನು ಅದುವರೆಗೆ ಯಾರೂ ಹಾಗೆ ನೋಡಿರಲಿಲ್ಲ. ಆಮೇಲೆ ಪ್ರತಿ ಗುರುವಾರ ಬೇಕೆಂದೇ ನೋಡಿದೆ.

ಅದು ಪಾತ್ರೆ ತೊಳೆಯುವಷ್ಟರಲ್ಲೇ ಉಳಿದಿದ್ದರೆ…

ನೀವು ಆ ವರ್ಷ ಕೆಲಸದ ಒಪ್ಪಂದ ಮುಗಿಸಿ ದಾವಣಗೆರೆಗೆ ಹೊರಡುವವರಿದ್ದಿರಿ. ನಿಮ್ಮ ಮಗಳು ನಿಧಿ ಅಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿದ್ದಳು. ಇನ್ನು ಅವಳನ್ನು ಬಿಟ್ಟಿರಲಾರೆ ಎಂದು ನಿರ್ಧರಿಸಿದ್ದಿರಿ. ಅಷ್ಟರಲ್ಲಿ ಮೋಹನ್ ಅವರ ಸಂಬಂಧ ಬಂತು. ನಿಮ್ಮ ಹಾಗೇ ಒಂದು ಮದುವೆ ಮುರಿದುಕೊಂಡವರು. ನಮ್ಮ ಮನೆಯ ಸೋಫಾದಲ್ಲೇ ಕೂತು ಹೇಳಿದರು: “ನೀವು ಕೆಲ್ಸ ಬಿಡಿ, ಇಲ್ಲಿರೋಕೆ ಬೇಕಾದ ಇಕಾಮಾ ಪರ್ಮಿಟ್ಟು ನನ್ನ ಹೆಸ್ರಿಗೆ ಮಾಡ್ಸೋಣ. ನಿಧಿನ ಇಲ್ಲಿಗೇ ಕರ್ಸ್ಕೊಳ್ಳೋಣ. ಅವ್ಳು ನನ್ ಮಗಳೇ ಅಲ್ವಾ ಇನ್ನು?”

ಅವರು ಬರುವ ಮೊದಲೇ ನೀವು ನನ್ನ ಕೈ ಹಿಡಿದು ಹೇಳಿದ್ದಿರಿ — “ಕಾರ್ಡ್ ಆಡೋರ್ನ ಹೆಂಗ್ ನೋಡ್ತೀಯೋ ಹಂಗೇ ಒಂದ್ಸಲ ಇವ್ರನ್ನ ನೋಡ್ಬಿಡು ಪುಟ್ಟಿ. ನಂಗೆ ಒಂದ್ಸಲ ಮೋಸ ಆಗಿದೆ. ನನ್ ಕಣ್ಣನ್ನ ನಾನೇ ನಂಬಲ್ಲ.”

ನೋಡಿದೆ. ಟೀ ಕುಡಿದರು. ಮೀಸೆ ಒರೆಸಿಕೊಂಡರು. ಭಾವನ ಮಾತಿಗೆ ನಕ್ಕರು. ಅದು ಒಂದು ಮುಖ, ಅಷ್ಟೇ. ಆ ಮುಖವನ್ನು ನಾನು ಹಿಂದಿನ ದಿನ ಬಸ್ಸಿನಲ್ಲಿ ನೋಡಿರಲಿಲ್ಲ.

ಅಡುಗೆಮನೆಯಲ್ಲಿ ನೀವು ಕೇಳಿದಿರಿ, “ಏನನ್ನಿಸ್ತು?”

ಗೊತ್ತಿಲ್ಲ ಎಂಬುದು ನಾನು ಓದಿದ ಶಾಸ್ತ್ರದಲ್ಲಿ ಗೌರವದ ಉತ್ತರ. ಆದರೆ ಅದನ್ನು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು — ಬಸ್ಸು, ಮೊಬೈಲು, ನೀವು ತೊಳೆದ ಅಷ್ಟೂ ಪಾತ್ರೆ. ನಾನು ಹೇಳಿದೆ: “ಸುಳ್ಳಿಲ್ಲ ಅಕ್ಕ. ಕೈಯಲ್ಲಿರೋದನ್ನೇ ಹೇಳ್ತಿದ್ದಾರೆ.”

ನಿಮ್ಮ ಭುಜಗಳು ಸಡಿಲವಾದದ್ದನ್ನು ಕಂಡೆ. ನನಗೆ ಓದಲು ಬಂದದ್ದು ಅದೊಂದೇ.

ಮದುವೆಯಾಯಿತು. ನೀವು ಕೆಲಸ ಬಿಟ್ಟಿರಿ. ನಿಧಿಯ ವಿಷಯಕ್ಕೆ ಅವರು ಮೊದಲು ‘ಪರೀಕ್ಷೆ ಮುಗೀಲಿ’ ಎಂದರು, ಆಮೇಲೆ ‘ದೊಡ್ಡ ಮನೆ ಸಿಗಲಿ’ ಎಂದರು, ಕೊನೆಗೆ ‘ಇನ್ನು ಆ ಮಾತು ಎತ್ತಬೇಡ’ ಎಂದರು. ಸ್ವಂತ ಇಕಾಮಾ ಇಲ್ಲ, ಸಂಬಳವಿಲ್ಲ. ಕರೆಸಿಕೊಳ್ಳಲು ನಿಮ್ಮ ಕೈಯಲ್ಲಿ ಏನೂ ಉಳಿದಿರಲಿಲ್ಲ. ನಿಧಿ ಈಗ ಕಾಲೇಜಿನಲ್ಲಿದ್ದಾಳೆ. ‘ನೀನು ಹೂಂ ಅಂದರೆ ನಾನೇ ಬಂದುಬಿಡುತ್ತೇನೆ’ ಎಂದು ಮೊನ್ನೆ ನೀವು ಫೋನಿನಲ್ಲಿ ಅವಳಿಗೆ ಹೇಳಿದಾಗ ಅವಳು, “ಬೇಡ ಅಮ್ಮ, ನಂಗೆ ಅಭ್ಯಾಸ ಆಗಿದೆ” ಎಂದಳಂತೆ.

ಅದನ್ನು ನನಗೆ ಹೇಳುತ್ತ ನೀವು ಅಳಲಿಲ್ಲ. ಅತ್ತಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೇನೋ. ನೀವು ಅಂದದ್ದು ಬೇರೆ — “ಅವತ್ತು ಅವ್ರ ಮನಸ್ಸಲ್ಲಿ ಸುಳ್ಳಿರ್ಲಿಲ್ಲ, ನೀನೇ ನೋಡಿದ್ದೆಯಲ್ಲ. ಆಮೇಲೆ ನನ್ನಿಂದ್ಲೇ ಏನೋ ತಪ್ಪಾಗಿರ್ಬೇಕು ಪುಟ್ಟಿ. ಏನಂತ ಹುಡುಕ್ತಾನೇ ಇದೀನಿ, ಸಿಗ್ತಿಲ್ಲ.”

ಸಿಗುವುದಿಲ್ಲ ಅಕ್ಕ. ಅದು ನಿಮ್ಮಲ್ಲಿಲ್ಲ.

ಅವರು ಅಂದು ನಿಜ ಹೇಳಿದರೋ, ಸುಳ್ಳು ಹೇಳಿದರೋ — ನಾನು ಇಂದಿಗೂ ಅರಿಯೆ. ಈ ಶುಕ್ರವಾರ ನೀವು ಬಂದಾಗ, ಭಾವನ ಎದುರಿಗೇ ಇದನ್ನೆಲ್ಲ ಹೇಳುತ್ತೇನೆ. ಆಮೇಲೆ ನೀವು ಈ ಮನೆಗೆ ಬರದಿರಬಹುದು. ಬಂದರೂ, ಬಾರದಿದ್ದರೂ, ದಾವಣಗೆರೆಯಲ್ಲಿ ಒಬ್ಬ ಹುಡುಗಿ ತಾಯಿಯಿಲ್ಲದೆ ಬೆಳೆದು ಮುಗಿದಿದ್ದಾಳೆ.