ಆನೆ ಸುದ್ದಿ ಹೇಳುವವಳು ವೇದಿಕೆ ಹತ್ತಿದ್ದು

ನಮ್ಮ ಹಿತ್ತಿಲಿನ ಹುರುಳಿಕಾಯಿ ಬಳ್ಳಿಗಳಿಗೆ ನಾನು ದಾರ ಕೊಂಡು ತಂದವಳಲ್ಲ. ಸಮ್ಮೇಳನಗಳಲ್ಲಿ ಹೆಸರಿನ ಕಾರ್ಡು ಸಿಕ್ಕಿಸಿ ಕೊರಳಿಗೆ ಹಾಕುತ್ತಾರಲ್ಲ, ಆ ಪಟ್ಟಿಗಳಿಂದಲೇ ಎಲ್ಲ ಬಳ್ಳಿಗಳನ್ನೂ ಗೂಟಕ್ಕೆ ಕಟ್ಟಿದ್ದೇನೆ. ನೀಲಿ, ಹಸಿರು, ಕಿತ್ತಳೆ, ಯಾವ ಬಣ್ಣ ಬೇಕಾದರೂ ಇದೆ. ಒಂದರ ಮೇಲೆ 'ಐಡಿಯಾ' ಎಂದು ಅಚ್ಚಾಗಿದೆ, ಇನ್ನೊಂದರ ಮೇಲೆ 'ಇಂಪ್ಯಾಕ್ಟ್'. ಇಷ್ಟು ವರ್ಷ ಆ ಸಭೆಗಳನ್ನು ಸುತ್ತಿದ್ದಕ್ಕೆ ನನಗೆ ಸಿಕ್ಕಿದ ಪುಣ್ಯ ಇಷ್ಟೇ.

ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಗಂಟಲು ದೊಡ್ಡದು, ಮೈಕ್ ಎಂದರೆ ಆಸೆ. ಸಕಲೇಶಪುರ, ಆಲೂರು ಕಡೆಯ ಗುಡ್ಡಗಳಲ್ಲಿ ರೆಸಾರ್ಟುಗಳು ಎದ್ದು, ಅಲ್ಲಿಗೆ ಬೆಂಗಳೂರಿನ ಜನ ಬಂದು ಯೋಚನೆ ಮಾಡುವುದು ಶುರುವಾದ ಮೇಲೆ, ನಿರೂಪಣೆಗೆ ನನ್ನನ್ನು ಕರೆಯತೊಡಗಿದರು. ಆಮೇಲೆ ನಿರೂಪಣೆಯ ಜೊತೆಗೆ ಸ್ಥಳೀಯ ವ್ಯವಸ್ಥೆಯೂ ನನ್ನ ತಲೆಗೇ ಬಂತು. ಡೊಳ್ಳಿನವರು ಯಾರು, ಅಕ್ಕಿ ರೊಟ್ಟಿ ತಟ್ಟುವವರು ಯಾರು, ಮಾರನಹಳ್ಳಿ ಹತ್ತಿರ ಕೆಟ್ಟು ನಿಂತ ಅತಿಥಿಯ ಕಾರಿಗೆ ಮೆಕ್ಯಾನಿಕ್ ಯಾರು, ಎಲ್ಲಕ್ಕೂ ನನಗೇ ಫೋನು.

ಅಲ್ಲಿ ಏನು ನಡೆಯುತ್ತದೆ ಎಂದು ಕೇಳಿದವರಿಗೆ ನಾನು ಇವತ್ತಿನವರೆಗೂ ಸರಿಯಾಗಿ ಹೇಳಲಾರೆ. ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸುತ್ತಾರೆ, ಸಂಜೆ ಅವನ್ನು ಕಿತ್ತು ಕಸದ ಬುಟ್ಟಿಗೆ ಹಾಕುತ್ತಾರೆ. ಸೋಪು ಮಾರುವವನು ತಾನು ಸೋಪು ಮಾರುವುದಿಲ್ಲ, ಕಥೆ ಹೇಳುತ್ತೇನೆ ಎನ್ನುತ್ತಾನೆ. ಕಥೆ ಬರೆಯುವವನು ತನ್ನನ್ನು ಸೋಪಿನ ಹಾಗೆ ಮಾರಿಕೊಳ್ಳುವುದು ಹೇಗೆ ಎಂದು ಕೇಳುತ್ತಾನೆ. ಸಾಮಾಜಿಕ ಜಾಲತಾಣದಲ್ಲಿ ಮೊದಲ ಮೂರು ಸೆಕೆಂಡಿನಲ್ಲಿ ಜನರನ್ನು ಹಿಡಿಯದಿದ್ದರೆ ಕೆಟ್ಟೆವು ಎಂದು ಒಬ್ಬ ಮುಕ್ಕಾಲು ಗಂಟೆ ಕೊರೆಯುತ್ತಾನೆ. ಸುತ್ತಲೂ ಕಾಫಿ ಹಣ್ಣು ಕೆಂಪಗೆ ತೂಗುತ್ತಿರುತ್ತದೆ, ಒಳಗೆ ಎಲ್ಲರೂ ಮಿಷನ್ನಿನ ಪುಡಿಕಾಫಿ ಕುಡಿದು ಆಹಾ ಅನ್ನುತ್ತಾರೆ. ಮೊದಲೆಲ್ಲ ನನಗೆ ನಗು ಬರುತ್ತಿತ್ತು. ಈಗ ಹೇಸಿಗೆ. ನಗು ಹೇಸಿಗೆಯಾದದ್ದು ಒಂದೇ ಸಂಜೆಯಲ್ಲಿ, ಅದೂ ನನ್ನ ನಾದಿನಿಯ ದೆಸೆಯಿಂದ.

ನಾದಿನಿ ಎಂದರೆ ನಮ್ಮ ಯಜಮಾನರ ತಂಗಿ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಗುಡ್ಡ ಅಡ್ಡ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಆಕಾಶದಷ್ಟು ಬಾಯಿ. ಆ ಬಾಯಿಯೇ ನಮ್ಮ ಕಡೆಯವರನ್ನು ಕಾಯುತ್ತಿತ್ತು. ಯಾರಿಗೆ ಆನೆ ಕಂಡರೂ ಮೊದಲು ಅವಳಿಗೆ ಫೋನು. ಅವಳು ಅದನ್ನು ನಮ್ಮೆಲ್ಲರ ವಾಟ್ಸಾಪ್ ಗುಂಪಿಗೆ ಧ್ವನಿಯಲ್ಲೇ ಹಾಕುತ್ತಿದ್ದಳು. ಬರೆದರೆ ಯಾರು ಓದುತ್ತಾರೆ, ಎನ್ನುವುದು ಅವಳ ವಾದ. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ, ಸಂಜೆ ಕೆಲಸ ಬಿಡುವ ಹೊತ್ತಿಗೆ, ಎಲ್ಲರ ಮನೆಯಲ್ಲೂ ಅವಳ ದನಿ.

"ಕೇಳ್ಸ್ಕಳ್ರಪ್ಪಾ, ಒಂಟಿ ಸಲಗ ಶಾಲೆ ಹಿಂದ್ಗಡೆ ಬಂದವ್ನೆ. ಮಕ್ಕಳನ್ನ ಹೊರಗ್ ಬುಡ್ಬೇಡಿ. ಬೈಕ್‌ನಾಗೆ ಹೋಗೋ ಮಹಾರಾಜರು ಇವತ್ತೊಂದಿನ ಸುತ್ತ್ ಬಳಸ್ಕಂಡ್ ಹೋಗಿ, ಹೆಂಡ್ತಿ ಕಾಯ್ತಾ ಇರ್ತಾಳೆ. ಅತ್ತಿಗೆ, ನಿಂಗೇ ಹೇಳ್ತಾ ಇರೋದು, ಆ ವಾಕಿಂಗು ಪಾಕಿಂಗು ಇಕ್ಕೊಂಡ್ ಹೊರಟ್ಬುಟ್ಟೀಯ!"

ಹೀಗೆ ಇಡೀ ಊರಿನ ಎದುರಿಗೆ ನನ್ನನ್ನು ಬೈಯುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಆದರೂ ವಾಕಿಂಗ್ ಬಿಡುತ್ತಿದ್ದೆ. ಅವಳು ಕೂರು ಎಂದರೆ ನಮ್ಮ ಕಡೆ ಎಲ್ಲರೂ ಕೂರುತ್ತಿದ್ದರು.

ಗುಡ್ಡದ ಮೇಲಿನ ರೆಸಾರ್ಟಿನಲ್ಲಿ ಐಡಿಯಾಗಳ ಸಮ್ಮೇಳನ ಎಂದು ಒಂದು ಬಂತು. ಅದರ ಆಯೋಜಕಿ ನಲವತ್ತರ ಆಸುಪಾಸಿನ, ಬೆಣ್ಣೆಯಂಥ ಮಾತಿನ ಹೆಂಗಸು. ನನ್ನ ಫೋನಿನಲ್ಲಿ ನಾದಿನಿಯ ದನಿ ಕೇಳಿದ್ದೇ ತಡ, ಕಣ್ಣರಳಿಸಿ ನನ್ನ ಕೈ ಹಿಡಿದುಕೊಂಡಳು. "ಮೇಡಂ, ಇದೇ ನಿಜವಾದ ಸೋಷಿಯಲ್ ಮೀಡಿಯಾ! ಅವರು ನಮ್ಮ ವೇದಿಕೆಗೆ ಬರಲೇಬೇಕು."

ನಾದಿನಿ ಸುಮ್ಮನೆ ಒಪ್ಪುವವಳಲ್ಲ. ಆದರೆ ಈ ಸಲ ಒಪ್ಪಿದಳು, ಸೀರೆಗೆ ಹೊಸ ರವಿಕೆಯನ್ನೂ ಹೊಲಿಸಿದಳು. ಅವಳಿಗೆ ಹೇಳಬೇಕಾದ ಮಾತು ಒಂದಿತ್ತು. ಪ್ರವಾಸಿಗರು ಆನೆಯ ಫೋಟೋ ತೆಗೆದು, ಜಾಗದ ಗುರುತು ಸಮೇತ ಇಂಟರ್‌ನೆಟ್ಟಿಗೆ ಹಾಕುತ್ತಿದ್ದರು. ಅದನ್ನು ನೋಡಿ ಇನ್ನಷ್ಟು ಕಾರು. ಆನೆ ಗಾಬರಿಬಿದ್ದು, ಇರಬೇಕಾದ ಕಡೆ ಇರದೆ ಎಲ್ಲೆಲ್ಲೋ ನುಗ್ಗುತ್ತಿತ್ತು. ಆಗ ಅವಳು ಬೆಳಿಗ್ಗೆ ಹೇಳಿದ ಸುದ್ದಿ ಮಧ್ಯಾಹ್ನಕ್ಕೆ ಸುಳ್ಳಾಗುತ್ತಿತ್ತು. ಅವಳ ಸುದ್ದಿ ಸುಳ್ಳಾದರೆ ಯಾರದೋ ಜೀವಕ್ಕೆ ಕುತ್ತು ಬರುತ್ತದೆ. "ಅವರಿಗೆಲ್ಲ ಒಂದೇ ಮಾತು ಹೇಳ್ಬುಡ್ತೀನಿ ಅತ್ತಿಗೆ," ಅಂದಳು. "ಆನೆ ಎಲ್ಲೈತೆ ಅಂತ ಗೊತ್ತಾದ್ರೆ ಆ ಕಡೆ ಹೋಗ್ಬೇಡಿ, ಇನ್ನೊಬ್ರಿಗೆ ತೋರಿಸ್ಬೇಡಿ, ಅಷ್ಟೆ. ಇದನ್ನ ಕೇಳಿದ್ರೆ ಸಾಕು ನಂಗೆ."

ಆಯೋಜಕಿ ಅವಳ ಭಾಷಣ ತಿದ್ದಲು ನಮ್ಮ ಮನೆಗೇ ಬಂದಳು. ರೊಟ್ಟಿ ತಿಂದಳು, ಕಾಯಿಚಟ್ನಿ ಹೊಗಳಿದಳು, ಆಮೇಲೆ ಆ ಒಂದು ಮಾತನ್ನೇ ತೆಗೆದಳು. 'ಬೇಡಿ' ಎಂದು ಮುಗಿಸಿದರೆ ಸಭೆಯ ಎನರ್ಜಿ ಇಳಿದುಹೋಗುತ್ತದಂತೆ. ಅದರ ಬದಲು ಆನೆ, ಮನುಷ್ಯ ಎಲ್ಲ ಒಂದೇ ಕುಟುಂಬ ಎಂದು ಮುಗಿಸಬಹುದಂತೆ.

"ಕುಟುಂಬನೇ ಸೈ," ಅಂದಳು ನಾದಿನಿ. "ನಮ್ಮನೆ ಬಾಳೆಗೊನೆನೆಲ್ಲ ಕೇಳ್ದೆ ತಿಂದೋಯ್ತದಲ್ಲ, ನಮ್ಮ ಬಾವನೋರ ಥರನೇ."

ಆಯೋಜಕಿ ಅದನ್ನೂ ಬರೆದುಕೊಂಡಳು. ಇದು ಚೆನ್ನಾಗಿದೆ, ಅಥೆಂಟಿಕ್ ಆಗಿದೆ, ಇದನ್ನು ಇಡೋಣ ಎಂದಳು. ಅವಳು ಹೋದ ಮೇಲೆ ನಾದಿನಿ ನನ್ನನ್ನು ಕೇಳಿದ್ದು ಒಂದೇ: "ವೇದಿಕೆ ಮ್ಯಾಲೆ ಮೈಕು ನನ್ ಹತ್ರನೇ ಇರ್ತದಲ್ವಾ? ಅಷ್ಟ್ ಸಾಕ್ ಬುಡು."

ಹೊರಡುವ ಮುಂಚೆ ಆಯೋಜಕಿ ಇನ್ನೊಂದು ಕೇಳಿಕೊಂಡಿದ್ದಳು. ಅತಿಥಿಗಳ ಸುರಕ್ಷತೆಗಾಗಿ ತನ್ನನ್ನೂ ಆನೆ ಗುಂಪಿಗೆ ಸೇರಿಸಬೇಕು ಅಂತ. ನ್ಯಾಯವಾದ ಮಾತೇ. ಅವರೂ ಜೀವ ಇರುವವರೇ. ನಾದಿನಿ ಸೇರಿಸಿದಳು.

ಸಮ್ಮೇಳನದ ದಿನ ಅವಳ ಸರದಿ ಸಂಜೆಗಿತ್ತು. ಅವಳನ್ನು ವೇದಿಕೆಗೆ ಕರೆಯಲು ನಾನು ಎದ್ದೆ. ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಅವಳು ಬಾಗಿಲಾಚೆ ಹೋಗಿ ಮಾತಾಡಿದಳು, ಅಲ್ಲೇ ನಿಂತು ಗುಂಪಿಗೆ ಧ್ವನಿ ಹಾಕಿದಳು. ಮರಿ ಇರುವ ಆನೆಗಳ ಗುಂಪು ಪಕ್ಕದ ಎಸ್ಟೇಟಿನ ಕೆರೆಗೆ ಇಳಿದಿತ್ತು. ಕಾಫಿ ಕುಯ್ಯುವವರು ಎಸ್ಟೇಟಿನವರು ಕಟ್ಟಿಸಿಕೊಟ್ಟ ಲೈನ್ ಮನೆಗಳಿಗೆ ವಾಪಸು ಹೋಗುವುದು ಆ ಕೆರೆ ಏರಿಯ ಮೇಲೆಯೇ. ಸದ್ಯ ಎಲ್ಲರೂ ಮೇಲೆ ಕಾಫಿ ದಾಸ್ತಾನಿಡುವ ಸ್ಟೋರ್ ಹತ್ತಿರ ಆ ದಿನ ಕುಯ್ದ ಹಣ್ಣು ಅಳೆಸುತ್ತಿದ್ದರು. ನಾದಿನಿ ಅವರಿಗೆ ಏನು ಹೇಳಿದಳು ಎನ್ನುವುದನ್ನು ನಾನೂ ಅವಳ ಹಿಂದೆಯೇ ಹೋಗಿ ಪಕ್ಕದಲ್ಲೇ ನಿಂತು ಕೇಳಿದೆ.

"ಕೆರೆ ಹತ್ರ ಆನೆ ಅವೆ, ಮರಿ ಐತೆ ಜೊತೆಗೆ. ಯಾರೂ ಆ ಕಡೆ ಬರ್ಬೇಡಿ. ಸ್ಟೋರ್ ಹತ್ರ ಇರೋರು ಅಲ್ಲೇ ಕೂತ್ಕಳಿ. ನಾನ್ ಹೇಳಗಂಟ ಅಲ್ಲಾಡ್ಬೇಡಿ. ನೀರ್ ಕುಡ್ದು ಅವೇ ಹೋಗ್ತವೆ."

ಸೆರಗು ಸರಿಮಾಡಿಕೊಂಡು ವೇದಿಕೆ ಹತ್ತಿದಳು. ಎಷ್ಟು ಚೆನ್ನಾಗಿ ಶುರುಮಾಡಿದಳು! ಬಾವನ ಬಾಳೆಗೊನೆ ಹೇಳಿದಾಗ ಸಭೆ ಬಿದ್ದು ಬಿದ್ದು ನಕ್ಕಿತು. ನನಗೂ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಇನ್ನೇನು ತನ್ನ ಮಾತಿಗೆ ಬರುತ್ತಾಳೆ ಎನ್ನುವಾಗ ಸಭೆಯಲ್ಲಿ ಒಂದು ಫೋನಿನಿಂದ ಅವಳದೇ ದನಿ ಬಂತು. ಆಮೇಲೆ ಇನ್ನೊಂದು ಫೋನಿನಿಂದ. ಆಮೇಲೆ ಹಿಂದಿನ ಸಾಲುಗಳಿಂದೆಲ್ಲ. "ಕೆರೆ ಹತ್ರ ಆನೆ ಅವೆ, ಮರಿ ಐತೆ." ಆಯೋಜಕಿಯ ಕಡೆಯವರು ಅವಳ ಧ್ವನಿಯನ್ನು ಇಡೀ ಸಮ್ಮೇಳನಕ್ಕೆ ದಾಟಿಸಿದ್ದರು. ಕನ್ನಡ ಬಾರದವರಿಗೆ ಪಕ್ಕದವರು ಅರ್ಥ ಹೇಳುತ್ತಿದ್ದರು. ಕೆರೆ, ಆನೆ, ಮರಿ, ಅಷ್ಟನ್ನು ಮಾತ್ರ. 'ಬರ್ಬೇಡಿ' ಎಂಬುದನ್ನು ಯಾರೂ ಯಾರಿಗೂ ಹೇಳಲಿಲ್ಲ.

ಆ ಸುದ್ದಿ ಕೇಳಿದರೆ ನಮ್ಮೂರಿನವರು ಬಾಗಿಲು ಹಾಕಿಕೊಳ್ಳುತ್ತಾರೆ. ಇವರು ಬಾಗಿಲಿಗೆ ಓಡಿದರು.

ಕುರ್ಚಿಗಳು ಉರುಳಿದವು. ರೆಸಾರ್ಟಿನ ಜೀಪುಗಳು ಶುರುವಾದವು. ನಾದಿನಿ ಮೈಕಿನಲ್ಲಿ, "ಅಯ್ಯೋ, ಬ್ಯಾಡ ಕಣ್ರೀ, ಹೋಗ್ಬ್ಯಾಡಿ! ದಮ್ಮಯ್ಯ, ಹೋಗ್ಬ್ಯಾಡಿ!" ಎಂದು ಕೂಗಿದಳು. ಅದೂ ಭಾಷಣದ್ದೇ ಭಾಗ ಎಂದುಕೊಂಡೋ ಏನೋ, ಓಡುತ್ತಲೇ ಕೆಲವರು ಚಪ್ಪಾಳೆ ತಟ್ಟಿದರು. ನಾನು ಆಯೋಜಕಿಯ ತೋಳು ಹಿಡಿದು, 'ಅವರನ್ನು ನಿಲ್ಲಿಸಿ, ಅಲ್ಲಿ ಮರಿ ಇದೆ' ಎಂದು ಅರಚಿದೆ. "ರಿಲ್ಯಾಕ್ಸ್ ಮೇಡಂ, ದೂರದಿಂದ ನೋಡಿ ಬಂದುಬಿಡ್ತಾರೆ," ಅಂದಳು. ಅವಳ ಕಣ್ಣು ಡ್ರೋನ್ ಪೆಟ್ಟಿಗೆಯ ಮೇಲಿತ್ತು. ನನಗೆ ಅವಳ ಕೆನ್ನೆಗೆ ಬಿಡಬೇಕು ಎನಿಸಿತು. ಬಿಡಲಿಲ್ಲ, ಅದಕ್ಕೆ ಇವತ್ತಿಗೂ ಕೈ ತುರಿಸುತ್ತದೆ.

ನಾದಿನಿ ವೇದಿಕೆಯ ಮೇಲೆ ನಿಂತೇ ಸ್ಟೋರಿನಲ್ಲಿ ಲೆಕ್ಕ ಬರೆಯುವ ರೈಟರಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಕೆರೆಯ ಕಡೆಯಿಂದ ಹಾರನ್ನು, ಕೇಕೆ, ಆಮೇಲೆ ಆನೆ ಘೀಳಿಟ್ಟಿದ್ದು ಕೇಳಿಸಿತು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕೆರೆ ಏರಿಯ ಆ ತುದಿಗೂ ಈ ತುದಿಗೂ ಜೀಪು ನಿಂತು, ತಲೆಯ ಮೇಲೆ ಡ್ರೋನ್ ಗುಂಯ್ಗುಟ್ಟಿದಾಗ, ಮರಿಯನ್ನು ನಡುವೆ ಹಾಕಿಕೊಂಡು ಆನೆಗಳು ಇದ್ದ ಒಂದೇ ದಾರಿ ಹಿಡಿದವು. ಅದು ಮೇಲಕ್ಕೆ ಸ್ಟೋರಿನ ಕಡೆಗೆ ಹೋಗುವ ದಾರಿ. ಅಲ್ಲಿ ಕಾಫಿ ಒಣಗಿಸುವ ಕಣದ ಕಟ್ಟೆಯ ಮೇಲೆ ಕೆಲಸದವರೆಲ್ಲ ಸಾಲಾಗಿ ಕೂತಿದ್ದರು. ನಾದಿನಿ ಕೂತ್ಕಳಿ ಎಂದಿದ್ದಳಲ್ಲ.

ದೇವರು ದೊಡ್ಡವನು, ಜೀವ ಹೋಗಲಿಲ್ಲ. ಹೆಚ್ಚಿನವರು ಸ್ಟೋರಿನೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಒಬ್ಬ ಹೆಂಗಸು ಮಾತ್ರ ಕಟ್ಟೆಯಿಂದ ಕೆಳಗೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆನೆಗಳು ಅವಳ ಪಕ್ಕದಲ್ಲೇ, ಒಣಗಲು ಹರಡಿದ್ದ ಕಾಫಿಯನ್ನು ತುಳಿದುಕೊಂಡು ಹೋದವಂತೆ. ಅವಳು ಬಾಯಿಗೆ ಸೆರಗು ತುರುಕಿಕೊಂಡು, ನರಳದೆ ಬಿದ್ದಿದ್ದಳಂತೆ.

ಮಾರನೆಯ ದಿನ ನಾನೂ ನಾದಿನಿಯೂ ಆಸ್ಪತ್ರೆಗೆ ಹೋದೆವು. ಅಲ್ಲಿಯವರೆಗೂ ನಾದಿನಿ ರೆಸಾರ್ಟಿನವರನ್ನೂ, ಆಯೋಜಕಿಯನ್ನೂ, ಅವರ ವಂಶವನ್ನೂ ದಾರಿಯುದ್ದಕ್ಕೂ ಬೈಯುತ್ತಿದ್ದಳು. ಆ ಹೆಂಗಸು ಮಂಚದ ಮೇಲಿಂದ ನಮ್ಮನ್ನು ನೋಡಿ, ನೆಂಟರು ಬಂದಷ್ಟು ಸಂತೋಷಪಟ್ಟಳು. ಕೂತುಕೊಳ್ಳಲು ಸ್ಟೂಲು ತೋರಿಸಿದಳು. ಆಮೇಲೆ ಏನೂ ಕೊಂಕಿಲ್ಲದೆ, ಇದ್ದದ್ದನ್ನು ಹೇಳುವ ಹಾಗೆ ಹೇಳಿದಳು.

"ಜೀಪಿನ ಸದ್ದು ಕೇಳ್ದಾಗ್ಲೇ ಎದ್ದ್ ಒಳಕ್ ಹೋಗಾನ ಅಂತಿದ್ರು ಅಕ್ಕಾ ಎಲ್ಲಾರೂ. ನಾನೇ ತಡ್ದೆ. ಅಕ್ಕ ಅಲ್ಲಾಡ್ಬ್ಯಾಡಿ ಅಂದೈತೆ, ಕೂತ್ಕಳಿ ಅಂದೆ."

ನಾದಿನಿ ಅವಳ ಕೈ ಹಿಡಿದುಕೊಂಡು ಕೂತಳು. ವಾಪಸು ಬರುವಾಗ ಯಾರನ್ನೂ ಬೈಯಲಿಲ್ಲ. ಮೂವತ್ತು ವರ್ಷದಿಂದ ಅವಳನ್ನು ಬಲ್ಲೆ, ಬಸ್ಸಿನಲ್ಲಿ ಅವಳು ಸುಮ್ಮನೆ ಕೂತದ್ದನ್ನು ನಾನು ಕಂಡದ್ದು ಅವತ್ತೇ.

ಆಯೋಜಕಿ ಆಸ್ಪತ್ರೆಗೆ ಒಂದು ಹಣ್ಣಿನ ಬುಟ್ಟಿ ಕಳಿಸಿದ್ದಳು, ಅದರ ಮೇಲೆ ಸಮ್ಮೇಳನದ ಹೆಸರಿನ ರಿಬ್ಬನ್ನು. ಮುಂದಿನ ವಾರ ನನ್ನ ಫೋನಿಗೆ ಒಂದು ವಿಡಿಯೋ ಬಂತು. ನಾದಿನಿ ವೇದಿಕೆಯ ಮೇಲೆ ನಗುನಗುತ್ತ ಮಾತಾಡುತ್ತಿದ್ದಾಳೆ. ಬಾವನ ಬಾಳೆಗೊನೆ ಇದೆ, ನಗು ಇದೆ, ಚಪ್ಪಾಳೆ ಇದೆ. ನಡುವೆ ಸಂಗೀತ ಏರುತ್ತದೆ, ಮೇಲಿನಿಂದ ತೆಗೆದ ಚಿತ್ರ ಬರುತ್ತದೆ. ಸಂಜೆ ಬಿಸಿಲಲ್ಲಿ ಕಾಫಿ ಗಿಡಗಳ ನಡುವೆ ಆನೆಗಳು ಗುಡ್ಡ ಹತ್ತುತ್ತಿವೆ, ನಡುವೆ ಪುಟ್ಟ ಮರಿ. ಅವು ಎಲ್ಲಿಗೆ ಓಡುತ್ತಿವೆ ಎಂದು ನನಗೆ ಗೊತ್ತು. ನೋಡಿದವರಿಗೆ ಗೊತ್ತಿಲ್ಲ. ಅವರೆಲ್ಲ ಕೆಳಗೆ ಹೃದಯದ ಚಿತ್ರ ಒತ್ತಿದ್ದರು, ಇದು ಯಾವ ಜಾಗ, ಹೇಗೆ ಹೋಗಬೇಕು ಎಂದು ಕೇಳಿದ್ದರು. ಯಾರೋ ಪುಣ್ಯಾತ್ಮರು ದಾರಿಯನ್ನೂ ಹೇಳಿದ್ದರು.

ನಾನು ಆಯೋಜಕಿಗೆ ಫೋನ್ ಮಾಡಿ, ಅದನ್ನು ತೆಗೆದುಹಾಕಿ ಎಂದೆ. ಮರ್ಯಾದೆಯಿಂದಲೇ ಶುರುಮಾಡಿದೆ. "ಮೇಡಂ, ಇದಕ್ಕೆ ತುಂಬ ಒಳ್ಳೆ ರೀಚ್ ಬಂದಿದೆ. ಎಂಡಿಂಗ್ ಕೂಡ ಎಷ್ಟು ಪಾಸಿಟಿವ್ ಆಗಿದೆ ನೋಡಿ," ಅಂದಳು. ಮುಂದಿನ ವರ್ಷ ಇಬ್ಬರೂ ಬರಬೇಕು ಅಂತಲೂ ಕರೆದಳು. ಆಮೇಲೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಮಕ್ಕಳಿಗೆ ಹಳಗನ್ನಡ ಕಲಿಸಿದ ಬಾಯಲ್ಲಿ ಅಷ್ಟು ಹೊಸ ಬೈಗುಳ ಇತ್ತೆಂದು ನನಗೇ ಗೊತ್ತಿರಲಿಲ್ಲ. ವಿಡಿಯೋ ಇನ್ನೂ ಅಲ್ಲೇ ಇದೆ. ಅವರ ಸಮ್ಮೇಳನಕ್ಕೆ ನಾನು ಮತ್ತೆ ಹೋಗಿಲ್ಲ, ಯಾರ ಸಮ್ಮೇಳನಕ್ಕೂ ಹೋಗಿಲ್ಲ. ಆ ಕೊರಳಪಟ್ಟಿಗಳು ಹಿತ್ತಿಲಿಗೆ ಹೋದದ್ದು ಆ ವಾರವೇ.

ನಾದಿನಿ ಗುಂಪನ್ನು ಮುಚ್ಚಿದಳು. ಯಾರು ಯಾರಿಗೆ ದಾಟಿಸುತ್ತಾರೋ ಎನ್ನುವ ಭಯ. ಈಗ ಬೆಳಿಗ್ಗೆ, ಸಂಜೆ ಒಂದೊಂದು ಮನೆಗೂ ತಾನೇ ಫೋನ್ ಮಾಡುತ್ತಾಳೆ. ಗಂಟಲು ಒಡೆದುಹೋಗಿದೆ. ಅರಣ್ಯ ಇಲಾಖೆಯವರು ಹೇಗೂ ಸುದ್ದಿ ಕಳಿಸುತ್ತಾರೆ, ನಿನಗೇಕೆ ಈ ಕಷ್ಟ ಎಂದು ಕೇಳಿದೆ. ಅವಳು ಮುಂದಿನ ಮನೆಯ ನಂಬರು ಒತ್ತಿದಳು.

ಆದರೆ ಕೂತ್ಕಳಿ, ಹೋಗ್ಬೇಡಿ ಎಂದು ಅವಳು ಈಗ ಯಾರಿಗೂ ಹೇಳುವುದಿಲ್ಲ. ಬೈಯುವುದಂತೂ ಇಲ್ಲವೇ ಇಲ್ಲ. ನಿನ್ನೆ ಸಂಜೆ ನಾನು ಚಪ್ಪಲಿ ಮೆಟ್ಟಿ ವಾಕಿಂಗಿಗೆ ಅಂಗಳ ದಾಟುತ್ತಿದ್ದಾಗ ಅವಳ ಫೋನು ಬಂತು.

"ಅತ್ತಿಗೆ, ಸಲಗ ನಿಮ್ಮನೆ ಮ್ಯಾಲಿನ ತಿರುವ್ನಾಗೆ ಅವ್ನೆ."

ನಾನು ಕಾದೆ. ವಾಕಿಂಗು ಪಾಕಿಂಗು ಎಂದು ಬೈಯಲಿ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತೆ.

"ಮುಂದಿಂದು ನೀನೇ ನೋಡ್ಕ," ಎಂದಳು. ಆಮೇಲೆ ಫೋನ್ ಇಟ್ಟಳು, ಇನ್ನೂ ಎಷ್ಟೋ ಮನೆಗಳಿಗೆ ಹೇಳಬೇಕಿತ್ತು.