ಓಣ್ಯಾಗ ಸುತ್ತಿಗಿ ನಿಂತ ದಿನ

ಮೊನ್ನಿ ಬಡಿಯೂಮುಂದ ಸುತ್ತಿಗಿ ತಲಿ ಕಳಚಿ ಹಾರಿ ಬಕೆಟ್‌ನ್ಯಾಗ ಬಿತ್ತು. ತೊಗಲ ಇನ್ನ ಅರ್ಧಾ ಬಡದಿತ್ತು, ಹಸೀದು, ಬಿಟ್ರ ಬಿರಸ ಆಗತೈತಿ. ಅಟ್ಟದ ಮ್ಯಾಗ ಕೈ ಹಾಕಿ ಹಳೇ ಸುತ್ತಿಗಿ ಜಗ್ಗಿದೆ. ಅದರ ಮಾರಿಗೆ ಕೌದಿ ತುಂಡ ಸುತ್ತಿತ್ತು, ಸುತಳಿಲೆ ಬಿಗದಿದ್ದು. ಹಳೇ ತೊಗಲು, ಎಣ್ಣಿ ವಾಸನಿ ಮೂಗಿಗೆ ಬಂತು. ಅವ್ವ ನೋಡಿ, ಆಕಿ ಇಂಟರ್‌ವ್ಯೂದ್ದ ಐತಲ್ಲೋ ಅದು ಅಂದ್ಳು.

ಆಕಿ ಅಂದ್ರ ಬಾಜೂ ಮನಿ ಅಕ್ಕ. ಅವ್ರಿಗೂ ನಮಗೂ ನಡುವ ಒಂದ ಗ್ವಾಡಿ. ನಮ್ದು ಅಥಣಿ ಕಡೆ ಹಳ್ಳಿ, ಓಣಿ ತುಂಬ ಚಪ್ಪಲಿ ಮಾಡವ್ರು. ಒಂದ ಮನ್ಯಾಗ ತೊಗಲ ಕೊಯ್ತಾರ, ಒಂದ ಮನ್ಯಾಗ ಬಡೀತಾರ, ಹೆಣ್ಮಕ್ಕಳು ಪಟ್ಟಿ ಹೆಣೀತಾರ, ಇನ್ನೊಬ್ರು ಹೊಲೀತಾರ. ಓಣಿ ಎಲ್ಲಾ ತಿರಗಿದ ಮ್ಯಾಲ ಅದು ಚಪ್ಪಲಿ ಆಗತೈತಿ. ಬೆಳಗಾದ್ರ ಸಂಜೀತನಾ ಸುತ್ತಿಗಿ ಸಪ್ಪಳ. ಯಾರರೆ ಸತ್ರ ಅಷ್ಟ ನಿಲ್ಲತೈತಿ. ಸುತ್ತಿಗಿ ನಿಂತ್ವು ಅಂದ್ರ ಆಚಿ ಓಣ್ಯಾವ್ರು ಯಾರು ಏನು ಕೇಳೂದಿಲ್ಲ, ಹಾರ ತಗೊಂಡ ಬಂದ ಬಿಡ್ತಾರ. ನಮ್ಮಲ್ಲಿ ಹಂಗ.

ಅಕ್ಕ ಅಥಣಿಗೆ ಬಸ್ಸಿಗೆ ಹೋಗಿ ಬಿ.ಕಾಂ ಮಾಡಿದ್ಳು. ನಾ ಏಳನೇತ್ತಿಗೆ ಸಾಲಿ ಬಿಟ್ಟಾವ, ಅದೇನ ನನಗ ತಿಳೀತಿದ್ದಿಲ್ಲ. ಆಮ್ಯಾಲ ಕಂಪ್ಯೂಟರ್ ಲೆಕ್ಕದ ಕ್ಲಾಸಿಗೆ ಹ್ವಾದ್ಳು. ಯಾವ್ದೋ ಆಫೀಸಿನವ್ರು ಒಗದಿದ್ದ ಹಳೇ ಕಂಪ್ಯೂಟರ್ ತಂದು ಸಂದೂಕದ ಮ್ಯಾಗ ಇಟ್ಕೊಂಡ್ಳು. ಯಾವ ಚಪ್ಪಲಿ ಯಾರ ಮನ್ಯಾಗೈತಿ, ಎಲ್ಲಿಗೆ ಬಂದ ನಿಂತೈತಿ, ಅದಕ್ಕ ಖರ್ಚ ಏನ ಬಿತ್ತು, ಎಲ್ಲಾ ಅದರಾಗ ಹಾಕಾಕಿ. ಸಂಜಿಗೆ ಮನಿ ಮನಿ ತಿರಗಿ ಕೇಳಾಕಿ. ನಮ್ಮವ್ವ ಚಾಷ್ಟಿ ಮಾಡತಿದ್ಳು, ಬಾಗಲದಾಗ ನಿಂತ ಒದರಿದ್ರ ಓಣಿನ ಹೇಳತೈತಿ, ಅದಕ್ಕ ಡಬ್ಬಿ ಯಾಕ ಬೇಕ ಅಂತ.

ಬೆಳಗಾವಿದ್ದೊಂದ ಕಂಪನಿ ಆಕೀನ್ನ ಕರೀತು. ಅಂಗಡಿ, ಫ್ಯಾಕ್ಟರಿಗೆ ಕಂಪ್ಯೂಟರ್‌ನ್ಯಾಗ ಲೆಕ್ಕದ ವ್ಯವಸ್ಥಾ ಮಾಡಿಕೊಡೋ ಕಂಪನಿ. ಇಂಟರ್‌ವ್ಯೂನೂ ಕಂಪ್ಯೂಟರ್‌ನ್ಯಾಗ, ಮಾರಿ ನೋಡ್ಕೋತ. ಮೊದಲನೇ ಸಲ ಕುಂತಾಗ ಓಣಿ ತುಂಬ ಬಡಿಯಾಕತ್ತಿದ್ರು. ಆಚಿ ಮಂದಿಗೆ ಏನೂ ಕೇಳಲಿಲ್ಲ, ಕಟ್ ಮಾಡಿದ್ರು. ಅಕ್ಕ ಫೋನ್ ಹಚ್ಚಿ ಬೇಡ್ಕೊಂಡ್ಳು, ಇನ್ನೊಂದ ಸಲ ಅಂದ್ರು. ಅದ ಕಡೀದು. ಇದೂ ಹೋತಂದ್ರ ಸುಮ್ನ ಪಟ್ಟಿ ಹೆಣಿಯಾಕ ಕುಂಡ್ರು ಅಂತ ಅವರಪ್ಪ ಹೇಳಿಬಿಟ್ಟಿದ್ದ. ಅಥಣ್ಯಾಗ ಎಲ್ಲೆರೆ ಕುಂತ ಮಾತಾಡ ಬೇ ಅಕ್ಕಾ ಅಂದೆ ನಾ. ಮಾಡಿದ ಕೆಲಸ ತೋರಸಬೇಕೋ, ಅದು ಈ ಡಬ್ಬ್ಯಾಗೈತಿ, ಎತ್ತಿದ್ರ ಡಬ್ಬಿ ಸಾಯತೈತಿ ಅಂದ್ಳು.

ಹಿಂಗಾಗಿ ನಾ ಮನಿ ಮನಿಗೆ ಹ್ವಾದೆ. ಮೊದಲ ಸುತ್ತಿಗಿಗೆ ಕೌದಿ ತುಂಡ ಕಟ್ಟಿ ನೋಡಿದ್ವಿ. ಧಡ್ ಧಡ್ ಅನ್ನೂದು ಧಪ್ ಧಪ್ ಆತು, ಅಷ್ಟ. ಕಡೀಗೆ ಎಲ್ಲಾರೂ ಸುತ್ತಿಗಿ ಕೆಳಗಿಟ್ರು. ಕೊಲ್ಲಾಪೂರಕ್ಕ ಕಳಸೂ ಮಾಲು ಬಾಕಿ ಇತ್ತು, ಆದ್ರೂ ಇಟ್ರು.

ಅಂಥಾ ಮಧ್ಯಾಹ್ನ ನಾ ಕಂಡಿದ್ದಿಲ್ಲ. ಕೋಳಿ ಕಾಲ ಕೆದರೂದೂ ಕೇಳತಿತ್ತು... ನಾ ಅಕ್ಕನ ಮನಿ ಬಾಗಲದಾಗ ಕುಂತಿದ್ದೆ. ಒಳಗ ಕಂಪ್ಯೂಟರ್‌ನ್ಯಾಗ ಒಬ್ಬಾಕಿ ಮೇಡಂ ಕೇಳಾಕಿ, ಅಕ್ಕ ಪಟಪಟ ಹೇಳಾಕಿ.

ಅಷ್ಟೊತ್ತಿಗೆ ಆಚಿ ಓಣಿಯಿಂದ ಅಳೂ ಸಪ್ಪಳ ಬಂತು.

ಇದು ಯಾರಿಗೂ ಹೊಳದಿದ್ದಿಲ್ಲ ನೋಡ್ರಿ. ಅಕ್ಕನ ಅಜ್ಜ ಜಡ್ಡಿನ್ಯಾಗಿದ್ದ. ಸುತ್ತಿಗಿ ನಿಂತ್ವಲ್ಲ, ಮುದುಕ ಹ್ವಾದ ಅಂತ ತಿಳದಾರ. ಮುಂದ ಅಕ್ಕನ ಸೋದರತ್ತಿ, ಅಂದ್ರ ಆಚಿ ಓಣಿಗೆ ಕೊಟ್ಟಿದ್ದ ಅಜ್ಜನ ಮಗಳು, ಎದಿ ಬಡ್ಕೋತ. ಹಿಂದ ಮಂದಿ. ಒಬ್ಬಾತನ ಕೈಯಾಗ ಚೆಂಡೂವಿನ ಹಾರ. ನಾ ಕೈ ಅಡ್ಡ ಹಿಡದೆ, ನನ್ನ ಸರಿಸಿ ಒಳಗ ನುಗ್ಗಿದ್ರು. ಅಜ್ಜ ಅಲ್ಲೇ ಕಂಬಕ್ಕ ಆನಕೊಂಡ ಕುಂತು ಎಲಿ ಅಡಕಿ ಹಾಕ್ಕೊಂಡಿದ್ದ.

"ನಾ ಇನ್ನ ಹೋಗಿಲ್ಲವ್ವಾ. ಕುಂಡ್ರು" ಅಂದ.

ಸೋದರತ್ತಿಗೆ ಅಳೂದ ನಿಲ್ಲಸಾಕ ಬರವಲ್ದು. ಅಕ್ಕನ ಮಾರಿ ಸಪ್ಪಗಾತು. ಮುಗೀತು, ಇನ್ನ ಪಟ್ಟಿ ಹೆಣಿಯೂದ ಅನ್ಕೊಂಡೆ ನಾ. ಅದೇನ್ರಿ ಗದ್ದಲ ಅಂತ ಮೇಡಂ ಕೇಳಿದ್ಳು. ಅಕ್ಕ ಒಂದ ಸಲ ಉಸರ ತಗೊಂಡು ಇದ್ದದ್ದ ಇದ್ದಂಗ ಹೇಳಿದ್ಳು.

"ಮೇಡಂ, ನಮ್ಮ ಓಣ್ಯಾಗ ಸುತ್ತಿಗಿ ನಿಂತ್ರ ಯಾರೋ ಸತ್ತಾರಂತ. ಇವತ್ತ ನನ್ನ ಸಲುವಾಗಿ ನಿಲ್ಲಿಸ್ಯಾರ್ರಿ. ಇವ್ರು ಅಳಾಕ ಬಂದಾರ."

ಮೇಡಂ ನಗಲಿಲ್ಲ. ಬಂದವ್ರು ಯಾರು, ನೀವ ಮಾಡಿದ್ದರಾಗ ಅವ್ರ ಹೆಸರ ಐತೇನು, ತೋರಸ್ರಿ ಅಂದ್ಳು. ಅಕ್ಕ ತಗದ ತೋರಸಿದ್ಳು.

"ಇವ್ರು ನಮ್ಮತ್ತಿ. ಕೊಲ್ಲಾಪೂರದ ಮಾಲು ಇವ್ರ ಮನ್ಯಾಗ ಪಟ್ಟಿಗೆ ನಿಂತೈತಿ. ಇವ್ರು ಕೊಡೂತನಾ ಹೊಲಿಯವ್ರ ಕೈ ಖಾಲಿ. ಅದ ಇಲ್ಲಿ ಕೆಂಪಗ ಕಾಣತೈತಿ ನೋಡ್ರಿ."

ಅತ್ತಿ ಕಣ್ಣೀರ ಸೈತ ಒರಸಲಿಲ್ಲ, ಹಂಗ ಬಗ್ಗಿ ಕಂಪ್ಯೂಟರ್‌ಗೆ ಹೇಳಿದ್ಳು, "ನಾಳಿ ಕೊಡ್ತೇನ್ರಿ ಬಾಯಾರ. ಕೈ ನೋವಿತ್ತು."

ಆಗ ನಕ್ಕಳು ಮೇಡಂ. ನಕ್ಕು, ಮುಂದಿನ ತಿಂಗಳ ಕೆಲಸಕ್ಕ ಬಂದ ಬಿಡು ಅಂತ ಅಕ್ಕಗ ಹೇಳಿದ್ಳು.

ಹಾರ ತಂದಾವ ಅದನ್ನ ಬೆನ್ನ ಹಿಂದ ಮುಚ್ಚಾಕತ್ತಿದ್ದ. ತಾ ಇಲ್ಲಿ ಅಂದ ಅಜ್ಜ. ಅಕ್ಕನ ಅವ್ವ ಹೌಹಾರಿ, ಸತ್ತವರಿಗೆ ತಂದಿದ್ದು ಮಾವಾ, ಹುಡುಗಿಗೆ ಬ್ಯಾಡ್ರಿ ಅಂದ್ಳು.

"ನನಗ ತಂದಾರಲ್ಲ? ಹಂಗಾರ ನಂದು. ನಾ ಯಾರಿಗೆರೆ ಹಾಕ್ತೀನಿ" ಅಂದು ಎದ್ದ ನಿಂತ ಅಕ್ಕನ ಕೊಳ್ಳಾಗ ಹಾಕಿದ.

ಅಕ್ಕನ ಅಪ್ಪ ಹೊರಗ ಹೋಗಿ ಸುತ್ತಿಗಿ ತಗೊಂಡು ಬರೇ ಕಲ್ಲಿನ ಮ್ಯಾಗ ಬಡದ, ತೊಗಲ ಇಲ್ಲದ. ಬಾಜೂ ಮನ್ಯಾವ್ರು ಬಡದ್ರು, ಆಚಿ ಮನ್ಯಾವ್ರು ಬಡದ್ರು, ಆಮ್ಯಾಲ ಓಣಿ ಎಲ್ಲಾ... ಅಂಥಾ ಸಪ್ಪಳ ಯಾವ ಬ್ಯಾಂಡಿಗೂ ಬರೂದಿಲ್ಲ.

ಅಕ್ಕ ಈಗ ಬೆಳಗಾವ್ಯಾಗ. ದೊಡ್ಡ ದೊಡ್ಡ ಫ್ಯಾಕ್ಟರಿಗೆ ಹೋಗಿ ಸಾಹೇಬರಿಗೆ ಕಲಸ್ತಾಳ. ನಮ್ಮ ಓಣಿ ಲೆಕ್ಕಾನೂ ಫೋನಿನ್ಯಾಗ ಹಾಕಿಕೊಟ್ಟಾಳ, ಡಬ್ಬಿ ಯಾಕ ಅಂದಿದ್ದ ನಮ್ಮವ್ವನೇ ಈಗ ಅದನ್ನ ಒತ್ತೂದು. ಅಕ್ಕಂದ ಆದಮ್ಯಾಲ ಓಣ್ಯಾಗ ಯಾವ ಹುಡುಗೀದ ಇಂಟರ್‌ವ್ಯೂ ಇದ್ರೂ ಸುತ್ತಿಗಿ ಇಡೂದ ರೂಢಿ ಆತು.

ಮುಂದೊಂದ ದಿನ ಅಜ್ಜ ಖರೇನ ಹ್ವಾದ, ಒಮ್ಮಿಂದೊಮ್ಮೆ. ಸುತ್ತಿಗಿ ನಿಂತ್ವು. ಯಾರೂ ಬರಲಿಲ್ಲ. ಭಾಳ ಹೊತ್ತಾತು, ಆದ್ರೂ ಇಲ್ಲ. ನಾನ ಆಚಿ ಓಣಿಗೆ ಹೇಳಾಕ ಹ್ವಾದೆ. ಅತ್ತಿ ಕಟ್ಟಿ ಮ್ಯಾಗ ಕುಂತ ಪಟ್ಟಿ ಹೆಣೀತಿದ್ಳು. ನನ್ನ ನೋಡಿ, "ಇವತ್ತ ಯಾರ ಮಗಳದೋ ಇಂಟರ್‌ವ್ಯೂ?" ಅಂದ್ಳು.

ನಾ ಆಕಿ ಕೈಯಾಗಿನ ಪಟ್ಟಿ ತಗೊಂಡ ಕೆಳಗಿಟ್ಟೆ.

ಆಮ್ಯಾಲ ಅಕ್ಕ ತನ್ನ ಅಪ್ಪ ಅವ್ವನ್ನೂ ಬೆಳಗಾವಿಗೆ ಕರಕೊಂಡ ಹ್ವಾದ್ಳು. ಗ್ವಾಡಿ ಆಚಿ ಈಗ ಯಾರಿಲ್ಲ. ಮೊನ್ನಿ ಆ ಕೌದಿ ತುಂಡ ನಾ ಬಿಚ್ಚಲಿಲ್ಲ, ಹಂಗ ಅಟ್ಟಕ್ಕ ಇಟ್ಟೆ. ಬಕೆಟ್‌ನ್ಯಾಗಿಂದ ಸುತ್ತಿಗಿ ತಲಿ ತಗದ ಕೂಡಿಸ್ಕೊಂಡು ಬಡದೆ. ಇಷ್ಟ. ಇನ್ನ ಹೇಳೂದೇನಿಲ್ಲ, ಇವತ್ತಿನ ತೊಗಲ ಒಣಗತೈತಿ.